ಶ್ರಾವಣದ ಭಿಕ್ಷೆ, ಸರ್ಕಾರದ ಗೋಧಿ

ನನಗೆ ಚಿಕ್ಕಂದಿನಿಂದ ಒಂದು ಕಾಯಿಲೆ. ನಗಬಾರದ ಕಡೆಯಲ್ಲೇ ನಗು ಬರುತ್ತದೆ. ಬಂದರೆ ಸುಮ್ಮನೆ ಬರುವುದಿಲ್ಲ. ಮೊದಲು ಭುಜ ಕುಣಿಯುತ್ತದೆ, ಆಮೇಲೆ ಮೂಗಿನಿಂದ ಒಂದು ಸದ್ದು ಹೊರಡುತ್ತದೆ, ಆಮೇಲೆ ಕಾಲಲ್ಲಿ ಬಲವೇ ಇರುವುದಿಲ್ಲ, ಎಲ್ಲಿದ್ದೇನೋ ಅಲ್ಲೇ ಕೂತುಬಿಡಬೇಕು. ಶಿರಾದ ಶಾಲೆಯಲ್ಲಿ ಇದಕ್ಕಾಗಿ ಎಷ್ಟು ಸಲ ಬೆಂಚಿನ ಮೇಲೆ ನಿಂತಿದ್ದೇನೋ ಲೆಕ್ಕವಿಲ್ಲ. ನನ್ನ ಮದುವೆಯಲ್ಲೂ ಬಂತು. ಅದಕ್ಕೆ ಮಾತ್ರ ನಾನು ಕಾರಣಳಲ್ಲ, ನಮ್ಮಪ್ಪ ಮತ್ತು ನಮ್ಮ ಮಾವ ಕಾರಣ.

ನಮ್ಮಪ್ಪ ಶಿರಾದಲ್ಲಿ ಮಿಡ್ಲ್ ಸ್ಕೂಲಿನ ಮೇಷ್ಟ್ರು. ಸ್ವರಾಜ್ಯ ಬಂದ ದಿನದಿಂದ ಅವರದು ಒಂದೇ ಮಾತು. ಬಡವರ ಹೊಟ್ಟೆಯ ಹೊಣೆ ಇನ್ನು ಸರ್ಕಾರದ್ದು, ಯಾರ ಮನೆಯ ಬಾಗಿಲಲ್ಲೂ ಯಾರೂ ಕೈಯೊಡ್ಡಬಾರದು. ನಮ್ಮ ಮಾವ ತೋವಿನಕೆರೆಯ ಹತ್ತಿರದ ಒಂದು ಹಳ್ಳಿಯ ದೊಡ್ಡ ಬೇಸಾಯಗಾರರು. ನಾಲ್ಕು ಜೋಡಿ ಎತ್ತು, ಹೆಂಚಿನ ಮನೆ, ಎರಡು ಬೆರಳು ದಪ್ಪದ ಮೀಸೆ. ಮದುವೆಯ ದಿನ ಊಟಕ್ಕೆ ಎಲೆ ಹಾಕಿಸಿ ಅಪ್ಪ ಬೀಗರನ್ನು ಕರೆದರೆ, ಅವರು ಚಪ್ಪರದ ಹೊರಗೆ ಕೂತಿದ್ದ ಭಿಕ್ಷುಕರನ್ನೆಲ್ಲ ಕರೆತಂದು ಮೊದಲ ಪಂಕ್ತಿಯಲ್ಲಿ ಕೂರಿಸಿಬಿಟ್ಟರು. ಬಡವರು ಉಣ್ಣದೆ ನಾವು ಉಣ್ಣುವುದಿಲ್ಲ, ಅದು ನಮ್ಮನೆ ಧರ್ಮ ಅಂದರು.

ಅಪ್ಪನಿಗೆ ರೇಗಿತು. "ನಿಮ್ಮ ಪುಣ್ಯಕ್ಕೆ ಬಡವರು ಬೇಕು ಅಲ್ಲವಾ? ಬಡವರೇ ಇಲ್ಲದ ಹಾಗೆ ಸರ್ಕಾರ ಮಾಡಿಬಿಟ್ಟರೆ ಆಗ ಏನು ಮಾಡ್ತೀರಿ?"

"ಸರ್ಕಾರಕ್ಕೆ ಹೊಟ್ಟೆ ಐತೇನ್ರೀ ಮೇಷ್ಟ್ರೇ? ಹೊಟ್ಟೆ ಇಲ್ದೋನಿಗೆ ಹಸಿವು ಹೆಂಗೆ ಗೊತ್ತಾಯ್ತದೆ?" ಅಂದರು ಮಾವ.

ಹಸೆಮಣೆಯ ಮೇಲೆ ನನ್ನ ಭುಜ ಕುಣಿಯತೊಡಗಿತು. ಇಬ್ಬರೂ ಕೈ ಎತ್ತಿ ಎತ್ತಿ ಮಾತಾಡುತ್ತಿದ್ದಾರೆ, ಅವರ ನಡುವೆ ಭಿಕ್ಷುಕರು ತಲೆ ಬಗ್ಗಿಸಿ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದಾರೆ! ಕೊನೆಗೆ ನಮ್ಮ ಪಕ್ಕದ ಮನೆಯ ಅತ್ತರಿನ ಅಂಗಡಿ ಸಾಹೇಬರು ಎದ್ದು, "ಅರೇ ಭಾಯ್, ನಮ್ಮಲ್ಲಿ ಇದಕ್ಕೇ ಬಡವರ ಪಾಲು ಮೊದ್ಲೇ ತೆಗೆದಿಡ್ತೀವಿ, ಜಗಳಾನೇ ಇಲ್ಲ. ಈಗ ಊಟ ಮಾಡಿ, ಪಾಯಸ ಖತಂ ಆಗ್ತಾ ಇದೆ" ಅಂದ ಮೇಲೆ ಬೀಗರು ಕೂತರು. ನಾನು ಮಾತ್ರ ಬಾಸಿಂಗ ಬಿಗಿದುಕೊಂಡು ನಗುತ್ತಿದ್ದವಳು ಒಂದು ಗಳಿಗೆಯವರೆಗೂ ನಿಲ್ಲಿಸಲಿಲ್ಲ. ಗಂಡನ ಕಡೆಯ ಹೆಂಗಸರು ಹುಡುಗಿಗೆ ಏನೋ ಆಗಿದೆ ಎಂದು ನಿಂಬೆಹಣ್ಣು ಇಳಿ ತೆಗೆದರು.

ಇದು ಅರವತ್ತರ ದಶಕದ ನಡುವಿನ ಮಾತು. ಆ ವರ್ಷ ಮಳೆ ಹೋಗಿತ್ತು. ನಾನು ಶಿರಾ ಬಿಟ್ಟು ಹಳ್ಳಿಗೆ ಬಂದ ಎರಡೇ ತಿಂಗಳಿಗೆ ನಮ್ಮ ಯಜಮಾನರಿಗೆ ಶಿರಾದ ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿಗೆ ಹೋದರು. ನಾನಿಲ್ಲಿ, ಅವರಲ್ಲಿ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅಷ್ಟರಲ್ಲಿ ಶ್ರಾವಣ ಬಂತು.

ನಮ್ಮ ಮಾವನವರು ತಿರುಪತಿ ಒಕ್ಕಲು. ಆ ಒಕ್ಕಲಿನವರು ಎಷ್ಟೇ ಶ್ರೀಮಂತರಾಗಿರಲಿ, ಶ್ರಾವಣ ಶನಿವಾರ ಉಪವಾಸವಿದ್ದು, ಹಣೆಗೆ ನಾಮ ಹಾಕಿಕೊಂಡು, ತಾಮ್ರದ ಚೊಂಬು ಹಿಡಿದು ಮನೆಮನೆಗೆ ಹೋಗಿ ಭಿಕ್ಷೆ ಬೇಡಬೇಕು. ಬೇಡಿ ತಂದ ಅಕ್ಕಿಯಿಂದಲೇ ದೇವರಿಗೆ ಎಡೆ, ಬೇಡಿ ತಂದ ರಾಗಿಯಿಂದಲೇ ಮನೆಯವರಿಗೆ ಮುದ್ದೆ. ಇಷ್ಟು ನನಗೂ ಗೊತ್ತಿತ್ತು. ಆದರೆ ನಮ್ಮ ಮಾವನವರ ಮನೆಯಲ್ಲಿ ಇದರ ಮೇಲೆ ಇನ್ನೂ ಎರಡು ಕಟ್ಟಳೆ ಇದ್ದವು. ಒಂದು, ಭಿಕ್ಷೆ ಹೊರಟ ಮೇಲೆ ಮನೆಗೆ ತಿರುಗಿ ಬರುವವರೆಗೆ ನಾನು ಇಂಥವನು, ನನಗೆ ಇಂಥದ್ದಿದೆ ಎಂದು ಬಾಯಿ ಬಿಡಬಾರದು. ಯಾರೇ ಕೇಳಲಿ, ಬೇಡೋನು ಎಂದಷ್ಟೇ ಹೇಳಬೇಕು. ಎರಡು, ಯಾರು ಏನು ಕೊಟ್ಟರೂ ಬೇಡ ಅನ್ನಬಾರದು.

"ಮಗ ಊರಾಗಿಲ್ಲ. ಸೊಸೆ ಬುಟ್ಟಿ ಹಿಡ್ಕಂಡು ಬರ್ಲಿ" ಎಂದು ಮಾವ ಅಪ್ಪಣೆ ಕೊಡಿಸಿದರು. ಅಕ್ಕಿ ಅವರ ಚೊಂಬಿಗೆ, ರಾಗಿ ನನ್ನ ಬುಟ್ಟಿಗೆ. ನನ್ನ ತಾಳಿ, ಬಳೆ ಬಿಟ್ಟು ಮಿಕ್ಕ ಒಡವೆಯೆಲ್ಲ ಅತ್ತೆ ಬಿಚ್ಚಿಟ್ಟರು. ಮಾವ ಮೈಮೇಲೆ ಅಂಗಿಯಿಲ್ಲದೆ, ಹರಿದ ಹಳೇ ಪಂಚೆಯನ್ನು ಒದ್ದೆ ಮಾಡಿ ಉಟ್ಟು, ಬರಿಗಾಲಲ್ಲಿ ನಿಂತರು. ಬೆಳಿಗ್ಗೆ ಎದ್ದರೆ ಆಳುಗಳನ್ನು ನಡುಗಿಸುವ ಮನುಷ್ಯ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಐದನೆಯ ಮನೆ ಚಾಪೆ ದೊಡ್ಡಮ್ಮನದು. ಈಚಲು ಗರಿಯ ಚಾಪೆ ಹೆಣೆದು ಬದುಕುತ್ತಿದ್ದ ವಿಧವೆ, ಅದೇ ದೇವರ ಒಕ್ಕಲು. ಹುಟ್ಟಿದ್ದು ವೈ.ಎನ್. ಹೊಸಕೋಟೆಯ ಕಡೆ, ಆದ್ದರಿಂದ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ಇಡೀ ಊರಲ್ಲಿ ನಾನು ನಕ್ಕಾಗ ಜೊತೆಗೆ ನಗುತ್ತಿದ್ದವಳು ಅವಳೊಬ್ಬಳೇ. ಆಗ ಅವಳ ಮನೆಯಲ್ಲಿ ಒಂದು ಚಿಂತೆ ಇತ್ತು. ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆಂದು ಬಂದಿದ್ದಳು, ತುಂಬ ಬಡಕಲಾಗಿದ್ದಳು, ಕಾಲು ಬಾತಿತ್ತು. ಚಾಪೆ ಕೊಳ್ಳುವವರಿರಲಿಲ್ಲ. ಸರ್ಕಾರದವರು ಬಡವರ ಪಟ್ಟಿ ಮಾಡಿ ಪುಕ್ಕಟೆ ಗೋಧಿ, ಬಸುರಿ ಬಾಣಂತಿಯರಿಗೆ ಹಾಲಿನ ಪುಡಿ ಕೊಡುತ್ತಾರೆ ಎಂಬ ಸುದ್ದಿ ಬಂದಾಗ ದೊಡ್ಡಮ್ಮ ನನ್ನ ಹತ್ತಿರ ಓಡಿಬಂದು ಅರ್ಜಿ ಬರೆಸಿಕೊಂಡಿದ್ದಳು. "ನಂಗೇನೂ ಬ್ಯಾಡ ಕಣಮ್ಮ. ನನ್ ಮಗ್ಳು ಎದ್ದು ನಿಂತ್ಕಂಡ್ರೆ ಸಾಕು. ಚೆಂದಾಗಿ ಬರಿ" ಅಂದಿದ್ದಳು. ಅಪ್ಪನ ಮಗಳಲ್ಲವೇ, ಚೆಂದಾಗಿಯೇ ಬರೆದಿದ್ದೆ.

"ಗೋವಿಂದಾ!" ಎಂದು ಮಾವ ಕೂಗಿದರು. ದೊಡ್ಡಮ್ಮ ಮೊರದಲ್ಲಿ ರಾಗಿ ತಂದು ಎರಡು ಬೊಗಸೆ ತುಂಬ ನನ್ನ ಬುಟ್ಟಿಗೆ ಸುರಿದಳು. ಸರಿಯಾಗಿ ಅದೇ ಹೊತ್ತಿಗೆ ಒಂದು ಸೈಕಲ್ಲು ಬಂದು ನಿಂತಿತು. ಸೈಕಲ್ಲಿನ ಮೇಲೆ ಹೊಸ ಗ್ರಾಮಸೇವಕ. ಸಮುದ್ರದ ಕಡೆಯವನು, ಬಂದು ನಾಲ್ಕು ದಿನವಾಗಿತ್ತು, ಇಪ್ಪತ್ತೈದು ದಾಟಿರಲಿಲ್ಲ. ಬಡವರ ಪಟ್ಟಿ ಬರೆಯುವ ಕೆಲಸ ಇವನದೇ. ಮಾವನನ್ನು ಅವನು ನೋಡಿರಲಿಲ್ಲ. ಅಯ್ಯೋ ಪಾಪ ಎಂಬಂತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನಿಮ್ಮ ಹೆಸರೆಂತ ಮಾರಾಯ್ರೇ?"

ಮಾವ ಹೆಸರು ಹೇಳಿದರು. ಹೆಸರು ಹೇಳಬಾರದೆಂದು ಕಟ್ಟಳೆಯಿರಲಿಲ್ಲ.

"ಕೆಲಸ ಎಂತ ಮಾಡುವುದು?"

ಮಾವ ಕಣ್ಣು ಮುಚ್ಚಿ ಭಕ್ತಿಯಿಂದ, "ಬೇಡೋನು ಸ್ವಾಮಿ" ಅಂದರು.

"ಮನೆಯಲ್ಲಿ ಎಷ್ಟು ಮಂದಿ?"

"ಹದಿನಾಲ್ಕು."

"ದೇವರೇ!" ಎಂದು ಅವನು ಪುಸ್ತಕ ತೆಗೆದು ಬರೆಯತೊಡಗಿದ. ಜಗಲಿಯ ಮೇಲಿದ್ದ ಪಕ್ಕದ ಮನೆಯ ಮುದುಕನನ್ನು, "ಇವರು ಮೊದಲಿನಿಂದಲೂ ಹೀಗೆಯೋ?" ಎಂದು ಕೇಳಿದ. ಹರಕೆಯ ವಿಷಯ ಕೇಳುತ್ತಿದ್ದಾನೆ ಎಂದುಕೊಂಡ ಮುದುಕ ಹೆಮ್ಮೆಯಿಂದ, "ಇವ್ರಪ್ಪಾನೂ ಬೇಡ್ತಿದ್ರು, ಇವ್ರ ತಾತಾನೂ ಬೇಡ್ತಿದ್ರು ಸ್ವಾಮಿ. ಒಂದೊರ್ಸಾನೂ ತಪ್ಸಿಲ್ಲ" ಅಂದ. ನನ್ನನ್ನು ತೋರಿಸಿ, "ಈ ಹುಡುಗಿಗೆ ಎಂತ ಆಗಿದೆ? ಯಾಕೆ ನಡುಗುವುದು?" ಎಂದು ಕೇಳಿದ. ನಾನು ನಡುಗುತ್ತಿರಲಿಲ್ಲ. ಮಾವ ನನ್ನ ಕಡೆ ನೋಡಿ, "ಅದ್ಕೆ ಹುಟ್ಟಿದಾಗಿಂದ ಅಂಗೆಯಾ" ಅಂದರು. ಅದನ್ನೂ ಬರೆದುಕೊಂಡ.

ಆಮೇಲೆ ದೊಡ್ಡಮ್ಮನ ಕಡೆ ತಿರುಗಿದ. "ಅಮ್ಮ, ನಿಮ್ಮ ಅರ್ಜಿ ಉಂಟು. ಆದರೆ ನೀವು ದಾನ ಮಾಡುವುದು ಕಂಡೆ. ಮನೆಯಲ್ಲಿ ಧಾನ್ಯ ಇದೆಯಲ್ಲ?"

ಕೈಯಲ್ಲಿ ಭಿಕ್ಷೆಯ ಮೊರ ಹಿಡಿದು ಹೊಸಿಲಲ್ಲಿ ನಿಂತವಳು ಇಲ್ಲ ಎನ್ನುವುದುಂಟೇ? ದೊಡ್ಡಮ್ಮ, "ದೇವ್ರು ಕೊಟ್ಟಷ್ಟು ಐತೆ ಸ್ವಾಮಿ" ಅಂದಳು. ಅವನು ಅದನ್ನೂ ಬರೆದು ಸೈಕಲ್ಲು ಹತ್ತಿ ಹೋದ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ ಎಂಬುದು ಸೋಮವಾರ ತಿಳಿಯಿತು.

ಸೋಮವಾರ ಶಾಲೆಯ ಗೋಡೆಗೆ ಪಟ್ಟಿ ಅಂಟಿಸಿದ್ದರು. ಓದಲು ಬರುವ ಹೆಂಗಸು ನಾನೊಬ್ಬಳೇ ಆದ್ದರಿಂದ ದೊಡ್ಡಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಮೊದಲ ಹೆಸರು ನಮ್ಮ ಮಾವನದು, ಅವರಪ್ಪನ ಹೆಸರು ಸಮೇತ. ಮುಂದೆ ಹೀಗೆ ಬರೆದಿತ್ತು: ಮೂರು ತಲೆಮಾರಿನ ಭಿಕ್ಷುಕ ಕುಟುಂಬ, ಹದಿನಾಲ್ಕು ಜನ, ಮನೆಯಲ್ಲಿ ಕಾಯಿಲೆಯ ಸೊಸೆ ಇದ್ದಾಳೆ. ನಾನು ಗಟ್ಟಿಯಾಗಿ ಓದಿದೆ. ಇಡೀ ಊರು ಗೊಳ್ಳೆಂದಿತು. ಕೆಳಗೆ ನೋಡುತ್ತ ಹೋದರೆ ದೊಡ್ಡಮ್ಮನ ಹೆಸರಿನ ಮೇಲೆ ಗೆರೆ ಎಳೆದು, ದಾನ ಮಾಡುವಷ್ಟು ಸ್ಥಿತಿವಂತರು ಎಂದು ಬರೆದಿತ್ತು. ಅದನ್ನೂ ಓದಬೇಕಾಯಿತು. ಮನೆಗೆ ಹೋಗುವಾಗ ದೊಡ್ಡಮ್ಮ ಒಂದೇ ಮಾತು ಕೇಳಿದಳು: "ಹಾಲಿನ್ ಪುಡೀನೂ ಇಲ್ವಂತಾ?" ನನಗೆ ಅಳು ಬಂತು.

ಆ ಎರಡು ದಿನ ನಮ್ಮ ಮನೆಯ ಮುಂದೆ ಜಾತ್ರೆ. "ಗೌಡ್ರೇ, ಗೋಧಿ ತರಾಕೆ ಗಾಡಿ ಕಟ್ಲಾ?" "ಗೌಡ್ರೇ, ನಾಲ್ಕು ಜೊತೆ ಎತ್ತು ಬೇಡ್ಕಂಡು ಬಂದಿದ್ದಾ?" ಮಾವ ಮೀಸೆ ಕಡಿದುಕೊಂಡು ಒಳಗೇ ಕೂತರು. ಮಂಗಳವಾರ ಗ್ರಾಮಸೇವಕನನ್ನು ಹೇಳಿಕಳಿಸಿ ಕರೆಸಿದರು. ಅವನು ಬಂದು ಹೆಂಚಿನ ಮನೆ ನೋಡಿದ, ಕೊಟ್ಟಿಗೆ ನೋಡಿದ, ಜಗಲಿಯ ಮೇಲೆ ಗರಿಗರಿ ಪಂಚೆಯುಟ್ಟು ಕೂತಿದ್ದ ಭಿಕ್ಷುಕನನ್ನು ನೋಡಿದ. ಬಾಯಿ ತೆರೆದವನು ಮುಚ್ಚಲೇ ಇಲ್ಲ.

"ಹಾಗಾದರೆ ಶನಿವಾರ ನೀವು ಸುಳ್ಳು ಹೇಳಿದ್ದೋ?"

"ಸುಳ್ಳಾ? ಯಾರ್ಲಾ ಸುಳ್ಳು ಯೋಳ್ದೋನು? ದೇವ್ರ ಮುಂದೆ ನಾನು ಬೇಡೋನೇಯಾ. ಇವತ್ತು ಮಂಗ್ಳವಾರ, ಇವತ್ತು ಗೌಡ. ಇಷ್ಟು ತಿಳೀದೆ ಹೆಂಗಪ್ಪಾ ಸರ್ಕಾರ ನಡೆಸ್ತೀರಾ?"

ಪಾಪ, ಅವನು ಮಾವನ ಹೆಸರು ಹೊಡೆದುಹಾಕಿದ. ದೊಡ್ಡಮ್ಮನ ವಿಷಯಕ್ಕೆ ಮಾತ್ರ ಒಪ್ಪಲಿಲ್ಲ. "ನಿಮ್ಮದು ವ್ರತ, ಅರ್ಥ ಆಯ್ತು. ಅವರು ಕೊಟ್ಟ ರಾಗಿ ನಿಜವಾದ ರಾಗಿಯಲ್ಲವೋ? ಮನೆಯಲ್ಲಿ ಇದೆ ಅಂತ ಅವರ ಬಾಯಿಂದಲೇ ಹೇಳಿದ್ದಾರೆ. ಕೊಡುವವರ ಹೆಸರು ಪಟ್ಟಿಯಲ್ಲಿ ಹಾಕಿದರೆ ನಿಜವಾಗಿ ಇಲ್ಲದವರಿಗೆ ಸಾಲುವುದಿಲ್ಲ. ನಾನು ಮೇಲಿನವರಿಗೆ ಉತ್ತರ ಕೊಡಬೇಕು."

ಮಾವ ದೊಡ್ಡಮ್ಮನನ್ನು ಕರೆಸಿದರು. "ಸರ್ಕಾರದ ಗೋಧಿ ಕಟ್ಕಂಡು ಏನಾಗ್ಬೇಕು? ಬಾಣಂತನಕ್ಕೆ ಏನೇನ್ ಬೇಕೋ ನಮ್ಮನೆಯಿಂದ ತಗಂಡೋಗು. ಮಾತೇ ಬ್ಯಾಡ."

"ಬ್ಯಾಡ ಗೌಡ್ರೇ" ಅಂದಳು ದೊಡ್ಡಮ್ಮ. "ನಿಮ್ಮನೇದು ತಿಂದ್ರೆ ನಾಳೆ ನಿಮ್ ಕಣದಾಗೆ ಕೂಲಿ ಕೇಳಾಕೆ ನಂಗೆ ಬಾಯಿ ಬರಾಕಿಲ್ಲ. ನೀವು ಒಳ್ಳೇರೇ. ಒಳ್ಳೇರ ಮುಂದೇನೇ ತಲೆ ಬಗ್ಗಿಸ್ಕಂಡು ನಿಂತ್ಕಬೇಕಾಯ್ತದೆ. ಸರ್ಕಾರದ್ದಾದ್ರೆ ಅಂಗಲ್ಲ. ಊರಿಗೆಲ್ಲಾ ಕೊಟ್ಟಂಗೆ ನಂಗೂ ಕೊಡ್ತದೆ, ತಲೆ ಎತ್ಕಂಡು ತಿಂತೀನಿ."

"ಹೂಂ! ಅದೇ ಸರಿ!" ಎಂದು ಬಾಗಿಲ ಹಿಂದಿನಿಂದ ನಾನು ಕೂಗಿಬಿಟ್ಟೆ. ನಮ್ಮಪ್ಪನೇ ಮಾತಾಡಿದ ಹಾಗಿತ್ತು. ಮಾವ ಕಣ್ಣು ಕೆಂಪಗೆ ಮಾಡಿ ನೋಡಿದರು. ಬಾಗಿಲು ಮುಚ್ಚಿಕೊಂಡೆ.

ಗ್ರಾಮಸೇವಕನಿಗೂ ಮನಸ್ಸು ಕರಗಿತ್ತು. ಶನಿವಾರ ಸಂಜೆ ಪಟ್ಟಿ ಕೊರಟಗೆರೆಯ ತಾಲ್ಲೂಕು ಕಚೇರಿಗೆ ಹೋಗಬೇಕು, ಅವತ್ತು ಬೆಳಿಗ್ಗೆ ಬಂದು ಇನ್ನೊಮ್ಮೆ ನೋಡುತ್ತೇನೆ, ಅವರು ಮತ್ತೆ ದಾನ ಮಾಡದಿದ್ದರೆ ಹೆಸರು ಸೇರಿಸುತ್ತೇನೆ ಎಂದ. ಶನಿವಾರ! ಎಲ್ಲ ಬಿಟ್ಟು ಶ್ರಾವಣ ಶನಿವಾರ!

ಅವನು ಹೋದ ಮೇಲೆ ಮಾವ ಉಪಾಯ ಹೇಳಿದರು. ಈ ಸಲ ದೊಡ್ಡಮ್ಮನ ಬಾಗಿಲಿಗೆ ನಾವು ಹೋಗುವುದೇ ಬೇಡ. ಅವಳು ಬಾಗಿಲು ಹಾಕಿಕೊಂಡು ಒಳಗಿರಲಿ. ನಾವು ಕೇಳುವುದಿಲ್ಲ, ಅವಳು ಕೊಡುವುದಿಲ್ಲ, ಕಟ್ಟಳೆಯೂ ಮುರಿಯುವುದಿಲ್ಲ. ಇದನ್ನು ಅವಳಿಗೆ ಹೇಳುವ ಕೆಲಸ ನನಗೆ ಬಂತು. ದೊಡ್ಡಮ್ಮ ಗರಿ ಸೀಳುತ್ತಿದ್ದಳು. ಒಂದು ಗಳಿಗೆ ಕೈ ನಿಲ್ಲಿಸಿದಳು. ಒಳಗೆ ಮಗಳು ನರಳಿದ್ದು ಕೇಳಿಸಿತು. "ಹೂಂ, ಆಗ್ಲಿ ಕಣಮ್ಮ" ಅಂದಳು. ಆ "ಹೂಂ" ನನಗೆ ಹಿಡಿಸಲಿಲ್ಲ. ಆದರೂ ಮಾವನಿಗೆ ಒಪ್ಪಿದ್ದಾಳೆಂದು ಹೇಳಿದೆ.

ಶನಿವಾರ ಮತ್ತೆ ಅದೇ ಹರಿದ ಪಂಚೆ, ಅದೇ ನಾಮ, ಅದೇ ಬುಟ್ಟಿ. ಗ್ರಾಮಸೇವಕ ದೊಡ್ಡಮ್ಮನ ಮನೆಯೆದುರು ಹುಣಸೆಮರಕ್ಕೆ ಸೈಕಲ್ಲು ಒರಗಿಸಿ ಪುಸ್ತಕ ಹಿಡಿದು ನಿಂತಿದ್ದ. ಬಾಗಿಲು ಮುಚ್ಚಿತ್ತು. ನಾಲ್ಕನೇ ಮನೆ ಆಯಿತು. ಮಾವ ಐದನೇ ಮನೆಯ ಮುಂದೆ ಗೋವಿಂದ ಅನ್ನದೆ, ಕೆಮ್ಮಿಕೊಂಡು, ಕತ್ತು ಆ ಕಡೆ ತಿರುಗಿಸಿ ದಾಟಿದರು. ನಾನೂ ದಾಟಿದೆ. ಹತ್ತು ಹೆಜ್ಜೆ ಹೋಗಿರಬೇಕು.

ಹಿಂದೆ ಬಾಗಿಲು ದಡಾರನೆ ತೆರೆಯಿತು.

"ಏಮಯ್ಯಾ, ನೇನು ಚಚ್ಚಿಪೋಯಾನಾ?" ನಾನು ಸತ್ತುಹೋದೆನಾ ಎಂದು ಕೇಳುತ್ತಿದ್ದಳು. ತೆಲುಗು ಬಂದಿತ್ತು. ತಿರುಗಿ ನೋಡಿದರೆ ಮೊರ ಎದೆಗವಚಿಕೊಂಡು ದೊಡ್ಡಮ್ಮ ಬೀದಿಗಿಳಿದಿದ್ದಾಳೆ. "ಸತ್ತೋರ ಮನೆ ದಾಟ್ಕಂಡು ಹೋದಂಗೆ ಹೋಯ್ತಾ ಇದ್ದೀರಲ್ಲಾ ಗೌಡ್ರೇ! ನಿಂತ್ಕಳ್ಳಿ!"

ಮಾವ ನಿಲ್ಲಲಿಲ್ಲ. ನಿಂತರೆ ತೆಗೆದುಕೊಳ್ಳಲೇಬೇಕು, ಬೇಡ ಅನ್ನುವ ಹಾಗಿಲ್ಲ. ತೆಗೆದುಕೊಂಡರೆ ಪಟ್ಟಿಯಿಂದ ಅವಳ ಹೆಸರು ಹೋಯಿತು. ಅವರಿಗೆ ಉಳಿದದ್ದು ಒಂದೇ ದಾರಿ. ಓಡಿದರು. ಅರವತ್ತು ವರ್ಷದ, ನಾಲ್ಕು ಜೋಡಿ ಎತ್ತಿನ ಗೌಡರು ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಒದ್ದೆ ಪಂಚೆ ಎತ್ತಿ ಹಿಡಿದು, ಭಿಕ್ಷೆಯಿಂದ ತಪ್ಪಿಸಿಕೊಳ್ಳಲು ಊರ ಬೀದಿಯಲ್ಲಿ ಓಡಿದರು! "ಓಡಮ್ಮೀ, ಬುಟ್ಟಿ ಎತ್ಕಂಡು ಓಡು!" ಎಂದು ನನಗೂ ಕೂಗಿದರು. ನಾನೂ ಓಡಿದೆ. ಹಿಂದೆ ದೊಡ್ಡಮ್ಮ, ಅವಳ ಹಿಂದೆ, "ಎಂತ ಆಯ್ತು? ಎಂತ ಆಯ್ತು ಮಾರಾಯ್ರೇ?" ಎನ್ನುತ್ತ ಗ್ರಾಮಸೇವಕ, ಅವನ ಹಿಂದೆ ನಾಯಿಗಳು. ಶಾಲೆಯ ಮಕ್ಕಳು ಹೊರಗೆ ಬಂದು, ಇದೂ ಹರಕೆಯಿರಬೇಕೆಂದು, "ಗೋವಿಂದಾ ಗೋವಿಂದ" ಎಂದು ಕೂಗತೊಡಗಿದರು. ಮಾವ ತಿಪ್ಪೆ ಹಾರಿದರು. ಬಾವಿಕಟ್ಟೆ ಸುತ್ತಿದರು. ಅವರ ಹಣೆಯ ನಾಮ ಬೆವರಿಗೆ ಕರಗಿ ಮೀಸೆಗೆ ಇಳಿದು, ಮೀಸೆ ಬೆಳ್ಳಗಾಗಿತ್ತು.

ಆ ಮೀಸೆ ನೋಡಿದೆ ನೋಡಿ, ಮುಗಿಯಿತು. ಭುಜ ಕುಣಿಯಿತು, ಮೂಗು ಸದ್ದು ಮಾಡಿತು, ಕಾಲು ಬಿದ್ದುಹೋಯಿತು. ಬಾವಿಯ ಪಕ್ಕ ಮಣ್ಣಿನಲ್ಲೇ ಕೂತುಬಿಟ್ಟೆ. ದೊಡ್ಡಮ್ಮ ಏದುಸಿರು ಬಿಡುತ್ತ ಬಂದು, ಮೊರ ಬಗ್ಗಿಸಿ, ಅಷ್ಟೂ ರಾಗಿಯನ್ನು ನನ್ನ ಬುಟ್ಟಿಗೆ ಸುರಿದಳು.

ನನ್ನ ನಗು ಅಲ್ಲೇ ನಿಂತಿತು. ಆ ಬಡಕಲು ಹುಡುಗಿಯ ಹಾಲು ನನ್ನ ಹಾಳು ನಗುವಿನಿಂದ ಹೋಯಿತಲ್ಲಾ! ಮಾವ ತಿರುಗಿ ಬಂದರು, ಬುಟ್ಟಿ ನೋಡಿದರು, ತಲೆ ಮೇಲೆ ಕೈ ಹೊತ್ತರು. ಗ್ರಾಮಸೇವಕ ಬಂದು ನಿಂತ.

"ಅಮ್ಮಾ, ಯಾಕೆ ಹೀಗೆ ಮಾಡಿದ್ದು?" ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. "ಒಂದು ದಿನ ಕೊಡದಿದ್ದರೆ ಆಗುತ್ತಿತ್ತಲ್ಲ. ಈಗ ಹೆಸರು ಹೇಗೆ ಬರೆಯುವುದು?"

"ಬರೀಬ್ಯಾಡಿ ಸ್ವಾಮಿ" ಅಂದಳು ದೊಡ್ಡಮ್ಮ. ಕಣ್ಣಲ್ಲಿ ನೀರಿತ್ತು, ಕತ್ತು ನೆಟ್ಟಗಿತ್ತು. "ಬಾಗ್ಲು ಹಾಕ್ಕಂಡು ಕುಂತಿದ್ದೆ. ಮಗ್ಳಿಗೋಸ್ಕರ ಕುಂತ್ಕಂಡೆ. ಇವ್ರು ಉಸಿರೆತ್ತದಂಗೆ ದಾಟೋದ್ರಲ್ಲಾ, ತಡಿಯಾಕಾಗ್ಲಿಲ್ಲ. ಗೋಧಿ ಸರ್ಕಾರದ್ದು, ಕೊಡಾದು ಬುಡಾದು ನಿಮ್ಮಿಷ್ಟ. ಈ ಹಿಡಿ ನಂದು. ಇದ್ನೂ ಕೊಡಬ್ಯಾಡ ಅಂದ್ರೆ ಆಮೇಲೆ ನಾನು ನಿಜ್ವಾಗ್ಲೂ ಭಿಕಾರಿಯಾಗ್ಬುಡ್ತೀನಿ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಮೊರದ ಸಂದಿಯಲ್ಲಿ ಅಂಟಿದ್ದ ನಾಲ್ಕು ಕಾಳನ್ನು ತಟ್ಟಿ ತಟ್ಟಿ ಒಂದು ಮೂಲೆಗೆ ಸೇರಿಸಿದಳು. "ನೀವೂ ಶನಿವಾರ ಬಾಗ್ಲಿಗೆ ಬಂದೋರು. ಬರೀ ಕೈಯಲ್ಲಿ ಹೋಗ್ಬಾರ್ದು. ಹಿಡೀರಿ" ಎಂದಳು. ಅವನು ತಬ್ಬಿಬ್ಬಾಗಿ ತಲೆಯ ಮೇಲಿನ ಟೋಪಿ ತೆಗೆದು ಒಡ್ಡಿದ. ಕಾಳು ಟೋಪಿಗೆ ಬಿತ್ತು.

ತಲೆ ಮೇಲೆ ಕೈ ಹೊತ್ತಿದ್ದ ಮಾವ ಒಂದೇ ನೆಗೆತಕ್ಕೆ ಮುಂದೆ ಬಂದರು. "ಆಹಾ! ಸರ್ಕಾರಾನೂ ಭಿಕ್ಷೆ ಈಸ್ಕಂತು! ಕೊಟ್ಟೋರು ಸಾವ್ಕಾರ್ರು, ಈಸ್ಕಂಡೋರು ಭಿಕ್ಷುಕ್ರು ಅಂತ ಬರ್ದೋನು ನೀನೇ ಅಲ್ವೇನಪ್ಪಾ? ಬರ್ಕ ಈಗ ನಿನ್ ಹೆಸ್ರಾ! ಮೂರ್ ತಲೆಮಾರು ಅಂತ ಹಾಕ್ಬ್ಯಾಡ, ನಿಂದು ಇವತ್ತಿಂದ ಶುರುವಾಗೈತೆ!"

ಬಾವಿಯ ಹತ್ತಿರ ಸೇರಿದ್ದ ಜನವೆಲ್ಲ ಹೋ ಎಂದಿತು. ಗ್ರಾಮಸೇವಕ ಟೋಪಿಯೊಳಗೆ ನೋಡಿದ, ಮಾವನ ಬಿಳೀ ಮೀಸೆ ನೋಡಿದ, ತಾನೂ ನಕ್ಕುಬಿಟ್ಟ. ನಗು ಮುಗಿದ ಮೇಲೆ ದೊಡ್ಡಮ್ಮನನ್ನು ಮೆಲ್ಲಗೆ ಕೇಳಿದ: "ಒಂದೇ ಪ್ರಶ್ನೆ ಅಮ್ಮ. ಇದು ಕೊಟ್ಟ ಮೇಲೆ ಮನೆಯಲ್ಲಿ ಎಷ್ಟು ಉಳಿಯಿತು?" ದೊಡ್ಡಮ್ಮ ಮೊರವನ್ನು ಬೋರಲು ಹಾಕಿ ಹಿಡಿದಳು. ಅವನು ಪುಸ್ತಕ ತೆಗೆದು ಬಾವಿಕಟ್ಟೆಯ ಮೇಲಿಟ್ಟು ಅವಳ ಹೆಸರು ಬರೆದ. ಮಗಳ ಹೆಸರು ಕೇಳಿ ಅದನ್ನೂ ಬರೆದ. ಆ ಹುಡುಗನನ್ನು ತಬ್ಬಿಕೊಳ್ಳಬೇಕೆನಿಸಿತು ನನಗೆ. ಹೊಸ ಸೊಸೆ, ಸುಮ್ಮನಿದ್ದೆ.

ಹತ್ತು ದಿನಕ್ಕೆ ಗೋಧಿ ಬಂತು, ಹಾಲಿನ ಪುಡಿಯೂ ಬಂತು. ತಿಂಗಳು ತುಂಬುವುದರೊಳಗೆ ಮಗಳು ಹೆತ್ತು, ಎದ್ದು ಓಡಾಡಿದಳು. ನಾನು ಇದನ್ನೆಲ್ಲ ಅಪ್ಪನಿಗೆ ಕಾಗದದಲ್ಲಿ ಬರೆದೆ. ನೋಡಿದೆಯಾ, ಕೊನೆಗೆ ಕೈಹಿಡಿದದ್ದು ಸರ್ಕಾರವೇ ಎಂದು ಅಪ್ಪ ಗೆದ್ದವರಂತೆ ಉತ್ತರ ಬರೆದರು. ಅದನ್ನು ಓದಿ ಹೇಳಿದರೆ ಮಾವ, "ಧರ್ಮ ಇಲ್ದೆ ಆ ಹುಡುಗ ಎಲ್ಲಿ ಬರೀತಿದ್ದ, ಹಂಗಂತ ಬರಿ ನಿಮ್ಮಪ್ಪಂಗೆ" ಅಂದರು. ನಾನು ಎರಡೂ ಕಡೆಗೆ ಹೂಂಗುಟ್ಟಿದೆ. ಇಬ್ಬರಿಗೂ ಗೊತ್ತಿಲ್ಲದ ಒಂದು ಸಂಗತಿ ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು.

ಓಟವೆಲ್ಲ ಮುಗಿದ ಆ ಶನಿವಾರ ಮಧ್ಯಾಹ್ನ ಭಿಕ್ಷೆಯ ರಾಗಿ ಬೀಸಲು ಕೂತಿದ್ದೆ. ದೊಡ್ಡಮ್ಮ ಸುರಿದದ್ದು ಮೇಲೇ ಇತ್ತು. ಹಿಡಿ ತುಂಬಿ ಕಲ್ಲಿಗೆ ಹಾಕಲು ಹೋದರೆ ನಡುವೆ ಒಣಗಿದ ಎಲೆಯ ಚೂರು. ಮೂಸಿ ನೋಡಿದೆ. ಲಕ್ಕಿ ಸೊಪ್ಪು! ಆ ಊರಿನಲ್ಲಿ ಹುಳ ಬೀಳದಿರಲೆಂದು ಎಲ್ಲರೂ ರಾಗಿಗೆ ಬೇವಿನ ಸೊಪ್ಪು ಹಾಕಿಡುತ್ತಿದ್ದರು. ಲಕ್ಕಿ ಸೊಪ್ಪು ಹಾಕುತ್ತಿದ್ದವರು ನಮ್ಮ ಅತ್ತೆ ಒಬ್ಬರೇ, ಅದು ಅವರ ತವರಿನ ಪದ್ಧತಿ. ಎಲೆಯ ಚೂರು ಹಿಡಿದು ತಲೆ ಎತ್ತಿದೆ. ಒಲೆಯ ಮುಂದಿದ್ದ ಅತ್ತೆ ನನ್ನನ್ನೇ ನೋಡುತ್ತಿದ್ದರು. ಮಿತಮಾತಿನ ಹೆಂಗಸು, ಮದುವೆಯಾಗಿ ಬಂದಾಗಿನಿಂದ ನನ್ನೊಡನೆ ಇಪ್ಪತ್ತು ಮಾತು ಆಡಿರಲಿಲ್ಲ.

"ಬಾಯಿ ಬುಟ್ಟೀಯ, ಜ್ವಾಕೆ" ಅಂದರು.

"ಅತ್ತೆಮ್ಮಾ, ಇದು ನಮ್ಮನೇ ರಾಗಿ!"

"ಪ್ರತಿ ಶ್ರಾವಣ್ದಾಗೂ ಶುಕ್ರವಾರ ಹಿತ್ಲ ಬಾಗ್ಲಾಗೆ ಕೊಡ್ತೀನಿ. ಅವ್ಳ ಗಂಡ ಹೋದ ವರ್ಸದಿಂದ." ಒಲೆಗೆ ಸೌದೆ ನೂಕಿದರು. "ತಿನ್ನು ಅಂತ ಕೊಟ್ರೆ ಮುಟ್ಟಾಕಿಲ್ಲ ಅವ್ಳು. ಒಂದ್ ದಿನಾನೂ ಒಂದ್ ಕಾಳು ಮನೇಲಿ ಉಳಿಸ್ಕಂಡಿಲ್ಲ. ಕೊಡಾಕೆ ಅಂದ್ರೆ ಮಾತ್ರ ಈಸ್ಕತಾಳೆ."

ನಾನು ಬೀಸಿದೆ. ಕಣ್ಣು ತುಂಬಿ ಬರುತ್ತಿತ್ತು, ಕಲ್ಲು ಕಾಣುತ್ತಿರಲಿಲ್ಲ, ಆದರೂ ಬೀಸಿದೆ. ಇಂಥ ಅತ್ತೆಗೆ ನಾನು ಇಷ್ಟು ದಿನ ಹೆದರಿಕೊಂಡಿದ್ದೆನಲ್ಲ ಎಂದು ನನ್ನ ಮೇಲೇ ಬೇಜಾರಾಯಿತು.

ದೇವರಿಗೆ ಎಡೆಯಾಗಿ ಮಾವ ಊಟಕ್ಕೆ ಕೂತರು. ಬೆಳಗಿನಿಂದ ಉಪವಾಸ, ಮೇಲೆ ಆ ಓಟ ಬೇರೆ. ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ಕಣ್ಣು ಮುಚ್ಚಿದರು.

"ನೋಡಿದ್ಯೇನೇ?" ಎಂದರು ಅತ್ತೆಗೆ. "ಬಡವ್ರು ಮನಸಾರೆ ಕೊಟ್ಟ ರಾಗಿ ರುಚಿಯೇ ರುಚಿ! ನಮ್ಮನೇಲೂ ಐತೆ ಇಪ್ಪತ್ತು ಪಲ್ಲ, ಯಾವತ್ತಾದ್ರೂ ಇಂಗೆ ಮುದ್ದೆ ಆಗೈತಾ? ಎಲ್ಲಿಂದ ತತ್ತಾಳೋ ಕೇಳು ಅವ್ಳನ್ನ. ಮುಂದಿನ್ ವರ್ಸ ಅದೇ ಬಿತ್ನೆ ತರ್ಸಿ ನಮ್ ಹೊಲ್ದಾಗೂ ಹಾಕ್ಬೇಕು."

"ಆಗ್ಲಿ, ಕೇಳ್ತೀನಿ ಬುಡಿ" ಅಂದ ಅತ್ತೆ ಅವರ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟರು.